ಅತ್ತೆಯನ್ನು ಕರೆದುಕೊಂಡು ಕ್ರಿಸ್‌ಮಸ್‌ಗೆ ಎಲ್ಲಿಗೆ ಹೋಗೋದು?

2023ರ ಡಿಸೆಂಬರ್ 25. ಮಧ್ಯಾಹ್ನ ನಾನು, ನಮ್ಮವರು, ಮಗಳು ಮೂವರೂ ಜರ್ಮನಿಯ ಕಲೋನ್ ಕೆಥೆಡ್ರಲ್ ಮುಂದೆ ನಿಂತಿದ್ದೆವು. ಕ್ರಿಸ್‌ಮಸ್ ಮಾರ್ಕೆಟ್, ಅಂದರೆ ಅಲ್ಲಿನ ಹಬ್ಬದ ಸಂತೆ, ನೋಡಲೆಂದೇ ನೆದರ್‌ಲ್ಯಾಂಡ್ಸ್‌ನ ನಮ್ಮೂರು ಐಂಡ್‌ಹೋವನ್‌ನಿಂದ ಕಾರಿನಲ್ಲಿ ಬಂದಿದ್ದೆವು. ಮಾರ್ಕೆಟ್ ಇರಲಿಲ್ಲ. ಎರಡು ದಿನ ಮೊದಲೇ, 23ಕ್ಕೇ ಮುಗಿದಿತ್ತು. ಜಾತ್ರೆ ಮುಗಿದ ಮಾರನೇ ದಿನ ತೇರಿನ ಬೀದಿ ಹೇಗಿರುತ್ತೆ, ಹಾಗಿತ್ತು ಆ ಜಾಗ. ಅಂಗಡಿ, ಸೂಪರ್‌ಮಾರ್ಕೆಟ್ ಎಲ್ಲ ಬಂದ್. ಕೊನೆಗೆ ರೈಲು ನಿಲ್ದಾಣದೊಳಗೆ ಫಲಾಫೆಲ್ ತಿಂದು ವಾಪಸ್ ಬಂದೆವು. ಮಗಳು ದಾರಿಯುದ್ದಕ್ಕೂ ಮಾತಾಡಲಿಲ್ಲ.

ತಪ್ಪು ನನ್ನದೇ. ಕ್ರಿಸ್‌ಮಸ್ ಮಾರ್ಕೆಟ್ ಅಂದಮೇಲೆ ಕ್ರಿಸ್‌ಮಸ್ ದಿನ ಇದ್ದೇ ಇರುತ್ತೆ ಅಂದುಕೊಂಡಿದ್ದೆ. ಜರ್ಮನಿಯಲ್ಲಿ ಅದು ಹಬ್ಬಕ್ಕೆ ಮೊದಲಿನ ನಾಲ್ಕು ವಾರಗಳ ಸಂಭ್ರಮ. 24ರ ಸಂಜೆ ಎಲ್ಲರೂ ಮನೆ ಸೇರುತ್ತಾರೆ. ನಮ್ಮಲ್ಲೂ ಹಬ್ಬದ ಹಿಂದಿನ ದಿನ ಹೂವಿನ ಮಾರ್ಕೆಟ್‌ನಲ್ಲಿ ಕಾಲಿಡಲು ಜಾಗ ಇರಲ್ಲ, ಹಬ್ಬದ ಮಧ್ಯಾಹ್ನ ಹೋದರೆ ಬಾಳೆ ಎಲೆಯ ಕಸ ಮಾತ್ರ ಇರುತ್ತದಲ್ಲ.

ಹಾಗಾಗಿ 2024ರಲ್ಲಿ ಊರಿನ ಹೆಸರಿಂದ ಶುರು ಮಾಡಲಿಲ್ಲ. ಕ್ಯಾಲೆಂಡರ್‌ನಿಂದ ಶುರು ಮಾಡಿದೆ. ಮಗಳ ಶಾಲೆಗೆ ಡಿಸೆಂಬರ್ 21ರಿಂದ ಜನವರಿ 5ರವರೆಗೆ ರಜೆ. ನನಗೆ ರಜೆ ಸಿಗುವುದು 22ರಿಂದ 28. ಆ ದಿನಗಳಲ್ಲಿ, ಅದರಲ್ಲೂ 24ರ ಸಂಜೆಯಿಂದ 26ರವರೆಗೆ, ಎಲ್ಲಿ ಏನು ತೆರೆದಿರುತ್ತದೆ? ಒಂದು ಹಾಳೆಯಲ್ಲಿ ಬರೆದು ಫ್ರಿಜ್‌ಗೆ ಅಂಟಿಸಿದೆ.

ಈ ಸಲ ಜೊತೆಗೆ ಅತ್ತೆಯೂ ಇದ್ದರು. ತೀರ್ಥಹಳ್ಳಿಯಿಂದ ನವೆಂಬರ್‌ನಲ್ಲಿ ಬಂದಿದ್ದರು. ಮಾವ ಬರಲಿಲ್ಲ. ಅಡಿಕೆ ಕೊಯ್ಲು ಬಿಟ್ಟು ಅವರು ಎಲ್ಲಿಗೂ ಬರಲ್ಲ. ಅತ್ತೆಗೆ ಮಂಡಿ ನೋವು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಹಾಳೆಗೆ ಇನ್ನೆರಡು ಪ್ರಶ್ನೆ ಸೇರಿಕೊಂಡವು.

ಮೊದಲು ಬಿಟ್ಟುಹೋಗಿದ್ದು ಲಂಡನ್. ನಾದಿನಿ ಅಲ್ಲೇ ಹತ್ತಿರ ಇರುವುದರಿಂದ ಎಲ್ಲರಿಗೂ ಆಸೆ ಇತ್ತು. ಆದರೆ ಅತ್ತೆಯ ಹತ್ತಿರ ಇದ್ದದ್ದು ಷೆಂಗೆನ್ ವೀಸಾ. ಅದರಲ್ಲಿ ನೆದರ್‌ಲ್ಯಾಂಡ್ಸ್‌ಗೆ ಬಂದವರು ಆಸ್ಟ್ರಿಯಾ, ಸ್ಪೇನ್, ಫಿನ್‌ಲ್ಯಾಂಡ್ ಎಲ್ಲ ಓಡಾಡಬಹುದು, ಬ್ರಿಟನ್‌ಗೆ ಮಾತ್ರ ಬೇರೆ ವೀಸಾ ಬೇಕು. ಮೇಲಾಗಿ 25ರಂದು ಅಲ್ಲಿ ರೈಲು, ಮೆಟ್ರೋ ಎರಡೂ ಓಡುವುದಿಲ್ಲ.

ಮಗಳದ್ದು ಒಂದೇ ಹಠ, ರೊವಾನಿಯೆಮಿ. ಫಿನ್‌ಲ್ಯಾಂಡಿನ ಲ್ಯಾಪ್‌ಲ್ಯಾಂಡ್‌ನಲ್ಲಿರುವ ಊರು. ಅಲ್ಲಿಂದ ಸ್ವಲ್ಪ ಉತ್ತರಕ್ಕೆ, ಆರ್ಕ್ಟಿಕ್ ವೃತ್ತದ ಮೇಲೆ, ಸಾಂತಾ ಕ್ಲಾಸ್ ವಿಲೇಜ್ ಇದೆ. ಏಳು ವರ್ಷದ ಮಗುವಿಗೆ ಬೇಡ ಅನ್ನುವುದು ಹೇಗೆ? ಆದರೆ ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಸೂರ್ಯ ಕಾಣುವುದು ಸುಮಾರು ಎರಡೂಕಾಲು ಗಂಟೆ ಮಾತ್ರ. ಚಳಿ ಮೈನಸ್ ಇಪ್ಪತ್ತಕ್ಕೂ ಇಳಿಯಬಹುದು. ಕತ್ತಲ ವಿಷಯ ಹೇಳಿದಾಗ ಅತ್ತೆ ಹೆದರಲಿಲ್ಲ. "ಆಷಾಢದಲ್ಲಿ ನಮ್ಮಲ್ಲೂ ಮಧ್ಯಾಹ್ನವೇ ದೀಪ ಹಾಕ್ತೀವಲ್ಲೇ ಮಾರಾಯ್ತಿ" ಎಂದರು. ನನಗೆ ಹೆದರಿಕೆ ಇದ್ದದ್ದು ಹೆಪ್ಪುಗಟ್ಟಿದ ರಸ್ತೆಯದು. ಆ ಮಂಡಿ ಇಟ್ಟುಕೊಂಡು ಜಾರಿದರೆ? ದುಡ್ಡೂ ಕೈ ಕಟ್ಟಿಹಾಕಿತು. ಎಲ್ಲರೂ ಅಲ್ಲಿಗೆ ಹೋಗಬೇಕು ಅನ್ನುವುದು ಅದೇ ಒಂದು ವಾರ. ನಾನು ಹಾಕಿದ ಲೆಕ್ಕ, ಕೊನೆಗೆ ನಾವು ಹೋದ ಪ್ರವಾಸದ ಖರ್ಚಿನ ಎರಡರಷ್ಟು ದಾಟಿತ್ತು.

ಮಂಡಿ ಲೆಕ್ಕದಲ್ಲಿ ಮೊದಲ ಸ್ಥಾನ ಸ್ಪೇನಿನ ಮಾಲಗಾಗೆ. ಒಂಬತ್ತೂವರೆ ಗಂಟೆಗಿಂತ ಜಾಸ್ತಿ ಬೆಳಕು, ಸಮುದ್ರ, ಒಂದು ಸ್ವೆಟರ್ ಸಾಕು. ಅಲ್ಲಿ ಮಕ್ಕಳಿಗೆ ದೊಡ್ಡ ದಿನ ಜನವರಿ 6, ಮೂವರು ರಾಜರ ಹಬ್ಬ. ಹಿಂದಿನ ಸಂಜೆ ಮೆರವಣಿಗೆಯಲ್ಲಿ ಮಿಠಾಯಿ ಎರಚುತ್ತಾರೆ. ಆದರೆ ನನ್ನ ರಜೆ 28ಕ್ಕೇ ಮುಗಿಯುತ್ತಿತ್ತು. ನಮ್ಮವರು ಇನ್ನೊಂದು ಮಾತು ಸೇರಿಸಿದರು. "ಬೆಂಗಳೂರಿನ ಡಿಸೆಂಬರ್ ನೋಡೋಕೆ ಅಷ್ಟು ದೂರ ಹೋಗಬೇಕಾ?" ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಯಾರಾದರೂ ಕೇಳಿದರೆ ನಾನು ಇವತ್ತಿಗೂ ಮೊದಲು ಸ್ಪೇನಿನ ಹೆಸರೇ ಹೇಳುತ್ತೇನೆ. ಅವರು ಜನವರಿ 6ರವರೆಗೆ ಇರಬಲ್ಲರಾದರೆ ಇನ್ನೂ ಒಳ್ಳೆಯದು.

ಫ್ರಾನ್ಸಿನ ಸ್ಟ್ರಾಸ್‌ಬೂರ್‌ ಮಾರ್ಕೆಟ್ 1570ರಿಂದ ನಡೆಯುತ್ತಿದೆ. ರೂಮಿನ ಬೆಲೆ ನೋಡಿ ಪುಟ ಮುಚ್ಚಿದೆ. ಜೆಕ್ ದೇಶದ ಪ್ರಾಗ್ ಕೊನೆಯವರೆಗೂ ಪಟ್ಟಿಯಲ್ಲಿತ್ತು. ಹಳೇ ಪೇಟೆಯ ಮಾರ್ಕೆಟ್ ಜನವರಿ 6ರವರೆಗೂ ಇರುತ್ತದೆ, ಖರ್ಚೂ ಕಡಿಮೆ. ಆದರೆ ಕೋಟೆಗೆ ಏರು, ಊರೆಲ್ಲ ಕಲ್ಲು ಹಾಸಿದ ದಾರಿ. ಮತ್ತೆ ಅದೇ ಮಂಡಿ.

ಉಳಿದದ್ದು ಆಸ್ಟ್ರಿಯಾದ ವಿಯೆನ್ನಾ. ಊರಿನ ನಡುಭಾಗ ಹೆಚ್ಚುಕಡಿಮೆ ಸಮತಟ್ಟು. ಹಬ್ಬದ ದಿನವೂ ಟ್ರಾಮ್, ಮೆಟ್ರೋ ಓಡುತ್ತವೆ. ಸಿಟಿ ಹಾಲ್ ಮುಂದಿನ ದೊಡ್ಡ ಮಾರ್ಕೆಟ್ ಆ ವರ್ಷ 26ರವರೆಗೆ, ಷೋನ್‌ಬ್ರುನ್ ಅರಮನೆ ಮುಂದಿನದು ಜನವರಿ ಮೊದಲ ವಾರದವರೆಗೆ. ಅರಮನೆ ಒಳಗೂ ಹಬ್ಬದ ದಿನ ಬಿಡುತ್ತಾರೆ. ಹುಷಾರು, ಅದೇ ಊರಿನ ಕೆಲವು ಚಿಕ್ಕ ಮಾರ್ಕೆಟ್‌ಗಳು 23ಕ್ಕೇ ಮುಚ್ಚುತ್ತವೆ. ಊರು ನೋಡಿದರೆ ಸಾಲದು, ಒಂದೊಂದು ಮಾರ್ಕೆಟ್‌ನದ್ದೂ ಕೊನೇ ದಿನ ನೋಡಬೇಕು.

ಹೋಗಿದ್ದು ರಾತ್ರಿ ರೈಲಿನಲ್ಲಿ. ಆಮ್‌ಸ್ಟರ್‌ಡಾಮ್‌ನಿಂದ ವಿಯೆನ್ನಾಗೆ ನೈಟ್‌ಜೆಟ್ ಇದೆ, ನಾವು ಉಟ್ರೆಕ್ಟ್‌ನಲ್ಲಿ ಹತ್ತಿದೆವು. ನಾಲ್ಕು ಬರ್ತ್‌ನ ಒಂದು ಕೋಣೆ ಪೂರ್ತಿ ನಮ್ಮದೇ. ನಮ್ಮ ಸ್ಲೀಪರ್ ಕೋಚ್ ತರಹವೇ, ಬಾಗಿಲು ಹಾಕಿಕೊಳ್ಳಬಹುದು ಅಷ್ಟೇ. ಅತ್ತೆ ಕೆಳಗಿನ ಬರ್ತ್‌ನಲ್ಲಿ ಕೂತು ಚಿತ್ರಾನ್ನದ ಡಬ್ಬಿ ಬಿಚ್ಚಿದಾಗ ಶಿವಮೊಗ್ಗ ರೈಲೇ ಹತ್ತಿದ ಹಾಗಾಯಿತು. ಟಿಕೆಟ್ ವಿಷಯಕ್ಕೆ ಒಂದು ಮಾತು. ಯುರೋಪಿನ ರೈಲು ವೇಳಾಪಟ್ಟಿ ಪ್ರತಿವರ್ಷ ಡಿಸೆಂಬರ್ ಮಧ್ಯದಲ್ಲಿ ಬದಲಾಗುತ್ತದೆ. ಅದರ ನಂತರದ ದಿನಗಳ ಟಿಕೆಟ್ ಮಾರಾಟಕ್ಕೆ ಬರುವುದು ತಡವಾಗಬಹುದು. ಅದಕ್ಕೇ ನಾನು ಆಗಸ್ಟ್‌ನಲ್ಲಿ ಮೊದಲು ಮನೆ ಬುಕ್ ಮಾಡಿಟ್ಟೆ, ಬೇಡವಾದರೆ ದುಡ್ಡು ವಾಪಸ್ ಬರುವಂಥದ್ದು. ಆಮೇಲೆ ದಿನಾ ನೋಡುತ್ತಿದ್ದು, ಟಿಕೆಟ್ ಬಂದ ಕೂಡಲೇ ತೆಗೆದೆ.

ಮನೆಯ ವಿಷಯದಲ್ಲಿ ಎಡವಿದೆ. ಅಡುಗೆಮನೆ ಇರಬೇಕು, ಟ್ರಾಮ್ ಹತ್ತಿರ ಇರಬೇಕು ಎಂದೆಲ್ಲ ನೋಡಿ "ಒಂದನೇ ಮಹಡಿ, ಲಿಫ್ಟ್ ಇಲ್ಲ" ಅನ್ನುವ ಮನೆ ಹಿಡಿದಿದ್ದೆ. ಒಂದೇ ಮಹಡಿ ತಾನೆ, ಅತ್ತೆ ಹತ್ತುತ್ತಾರೆ ಅಂದುಕೊಂಡೆ. ವಿಯೆನ್ನಾದ ಹಳೇ ಕಟ್ಟಡಗಳಲ್ಲಿ ನೆಲಮಹಡಿ ಆದಮೇಲೆ ಹೋಹ್‌ಪಾರ್ಟೆರ್ ಅಂತ ಒಂದು, ಮೆಜಾನಿನ್ ಅಂತ ಇನ್ನೊಂದು ಮಟ್ಟ ಇರಬಹುದು. ಒಂದನೇ ಮಹಡಿಯ ಎಣಿಕೆ ಶುರುವಾಗುವುದು ಅವೆಲ್ಲ ಮುಗಿದ ಮೇಲೆ! ನಮ್ಮದು ಲೆಕ್ಕಕ್ಕೆ ಮೂರನೇ ಮಹಡಿ. ಪ್ರತಿ ತಿರುವಿನಲ್ಲೂ ಅತ್ತೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ಆಮೇಲೆ ದಿನಕ್ಕೆ ಒಂದೇ ಸಲ ಇಳಿದು, ಒಂದೇ ಸಲ ಹತ್ತುವ ಹಾಗೆ ಓಡಾಟ ಬದಲಿಸಿಕೊಂಡೆವು.

23ರಂದೇ ಹಾಲು, ಮೊಸರು, ತರಕಾರಿ ಮೂರು ದಿನಕ್ಕೆ ಆಗುವಷ್ಟು ತಂದಿಟ್ಟೆ. ಅಲ್ಲಿ 24ರ ಮಧ್ಯಾಹ್ನ ಅಂಗಡಿ ಮುಚ್ಚಿದರೆ 27ರ ಬೆಳಗ್ಗೆಯೇ ತೆರೆಯುವುದು. 24ರ ಸಂಜೆ ಬೀದಿಯೆಲ್ಲ ಮೌನ. ಕಿಟಕಿಗಳಲ್ಲಿ ಮಾತ್ರ ದೀಪ. ನಾವು ಒಳಗೆ ಕೂತು ಅಕ್ಕಿ ರೊಟ್ಟಿ, ಅಪ್ಪೆಮಿಡಿ ಉಪ್ಪಿನಕಾಯಿ ತಿಂದೆವು. ಅಕ್ಕಿ ಹಿಟ್ಟು ಮನೆಯಿಂದ ತಂದದ್ದೇ.

ಮಾರ್ಕೆಟ್‌ಗೆ ಹೋದದ್ದು 25ರ ಸಂಜೆ. ಅಲ್ಲಿನ ಹೆಸರುವಾಸಿ ಸಿಹಿಗಳಲ್ಲಿ ಹೆಚ್ಚಿನವಕ್ಕೆ ಮೊಟ್ಟೆ ಹಾಕಿರುತ್ತಾರೆ. ಮೊಟ್ಟೆ ಇಲ್ಲ ಎಂದು ಕೇಳಿ ಖಾತ್ರಿ ಮಾಡಿಕೊಂಡು ಲಾಂಗೋಶ್ ತೆಗೆದುಕೊಂಡೆವು. ತಟ್ಟೆಯಗಲದ, ಎಣ್ಣೆಯಲ್ಲಿ ಕರಿದ ಹಿಟ್ಟಿನ ತಿಂಡಿ, ಭಟೂರದ ಅಕ್ಕ ಅನ್ನಬಹುದು. ಮಗಳಿಗೆ ಮಕ್ಕಳ ಪಂಚ್, ಮದ್ಯವಿಲ್ಲದ ಬಿಸಿ ಪಾನೀಯ. ಮಗ್‌ಗೆ ಠೇವಣಿ ಇಸಕೊಳ್ಳುತ್ತಾರೆ, ಮಗ್ ವಾಪಸ್ ಕೊಟ್ಟರೆ ದುಡ್ಡು ವಾಪಸ್. ಮಗಳು ಕೊಡಲಿಲ್ಲ.

ಅತ್ತೆ ನಿಂತದ್ದು ಚೆಸ್ಟ್‌ನಟ್ ಸುಡುವವನ ಗಾಡಿ ಮುಂದೆ. ಬಿಸಿ ಬಿಸಿ ಪೊಟ್ಟಣ ಕೈಗೆ ಬಂತು. ಸಿಪ್ಪೆ ಸುಲಿದು ಒಂದು ಬಾಯಿಗೆ ಹಾಕಿಕೊಂಡವರೇ ನನ್ನ ಕಡೆ ತಿರುಗಿದರು. "ಇದು ಕೆಂಡದಲ್ಲಿ ಸುಟ್ಟ ಹಲಸಿನ ಬೀಜವೇ ಅಲ್ವೇನೇ! ಸ್ವಲ್ಪ ಸಿಹಿ ಜಾಸ್ತಿ." ಆ ರಾತ್ರಿ ಮಾವನಿಗೆ ವಿಡಿಯೊ ಕಾಲ್ ಮಾಡಿ ಗಾಡಿಯ ಫೋಟೊ ತೋರಿಸಿದರು. "ಈ ಸಲ ನಮ್ಮೂರ ಎಳ್ಳಮಾವಾಸ್ಯೆ ಜಾತ್ರೆ ತಪ್ಪುತ್ತೆ ಅಂತ ಬೇಜಾರಿತ್ತು. ಇಲ್ಲೇ ಸಿಕ್ತು ನೋಡಿ" ಎಂದರು. ಮಾವ ಕೇಳಿದ್ದು ಒಂದೇ, ಹಲಸಿನ ಬೀಜಕ್ಕೆ ಎಷ್ಟು ಕೊಟ್ಟಿರಿ ಅಂತ. ನಾವು ಯಾರೂ ಹೇಳಲಿಲ್ಲ.

ಮಗಳ ರೊವಾನಿಯೆಮಿ ಬಾಕಿ ಇದೆ. ಸಾಂತಾ ಕ್ಲಾಸ್ ವಿಲೇಜ್ ವರ್ಷವಿಡೀ ತೆರೆದಿರುತ್ತದೆ. ಮಾರ್ಚ್‌ನಲ್ಲಿ ಹಿಮವೂ ಇರುತ್ತದೆ, ಹಗಲೂ ಇರುತ್ತದೆ. ಫ್ರಿಜ್ ಮೇಲೆ ಹೊಸ ಹಾಳೆ ಅಂಟಿಸಿದ್ದೇನೆ. ಮೊದಲ ಸಾಲಿನಲ್ಲಿ "ಲಿಫ್ಟ್" ಎಂದು ನಮ್ಮವರು ಕೆಂಪು ಪೆನ್ನಿನಲ್ಲಿ ಬರೆದಿದ್ದಾರೆ.