ಪಗ್ ಮೂಗಿನ ಆಪರೇಷನ್: ಟ್ಯೂಬ್ ತೆಗೆಯುವವರೆಗೆ ಕೆಲಸ ಮುಗಿದಿಲ್ಲ

“ಗೊರಕೇಲಿ ನಮ್ಮ ಮಾವನ್ನೂ ಮೀರಿಸ್ತಾನೆ ಡಾಕ್ಟ್ರೇ” ಎಂದು ನಗುತ್ತಲೇ ಪಗ್ ಎತ್ತಿಕೊಂಡು ಬರುವವರು ಬೆಂಗಳೂರಿನಲ್ಲಿ ಬೇಕಾದಷ್ಟಿದ್ದಾರೆ. ನಿದ್ದೆಯ ಗೊರಕೆ ಒಂದು ಕಡೆ ಇರಲಿ. ಎದ್ದು ಕೂತಾಗಲೂ ಗೊರಗೊರ ಕೇಳುತ್ತಿದ್ದರೆ ಗಾಳಿಯ ದಾರಿಯಲ್ಲಿ ಏನೋ ಅಡ್ಡ ಇದೆ ಎಂದೇ ಲೆಕ್ಕ. ಪಗ್, ಫ್ರೆಂಚ್ ಬುಲ್‌ಡಾಗ್, ಇಂಗ್ಲಿಷ್ ಬುಲ್‌ಡಾಗ್, ಪೆಕಿನೀಸ್, ಸ್ವಲ್ಪ ಮಟ್ಟಿಗೆ ಶಿಟ್ಸು, ಇವುಗಳ ತಲೆಬುರುಡೆಯನ್ನು ತಳಿ ಮಾಡುತ್ತಾ ಮಾಡುತ್ತಾ ಮೊಟಕು ಮಾಡಿದರು, ಒಳಗಿನ ಮಾಂಸ ಮಾತ್ರ ಅಷ್ಟೇ ಉಳಿಯಿತು. ಪೆಟ್ಟಿಗೆ ಚಿಕ್ಕದು, ಸಾಮಾನು ಮೊದಲಿನಷ್ಟೇ. ಹೊಳ್ಳೆ ಸೀಳಿನಷ್ಟು ಕಿರಿದು, ಮೂಗಿನೊಳಗೆ ಎಲುಬಿನ ಸುರುಳಿಗಳು ಒತ್ತೊತ್ತು, ಹಿಂದೆ ಮೃದು ಅಂಗುಳ ಉದ್ದವೂ ದಪ್ಪವೂ ಆಗಿ ಧ್ವನಿಪೆಟ್ಟಿಗೆಯ ಬಾಯಿಗೆ ಜೋತುಬಿದ್ದಿರುತ್ತದೆ. ಇದಕ್ಕೆ ಬ್ರಾಕಿಸೆಫಾಲಿಕ್ ಅಬ್‌ಸ್ಟ್ರಕ್ಟಿವ್ ಏರ್‌ವೇ ಸಿಂಡ್ರೋಮ್ ಎಂದು ಹೆಸರು.

ಎಳನೀರು ಗಾಡಿಯ ಕಾಗದದ ಸ್ಟ್ರಾ ನೆನೆದ ಮೇಲೆ ಜೋರಾಗಿ ಎಳೆದು ನೋಡಿ, ಎರಡು ಗೋಡೆಯೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಈ ನಾಯಿಗಳ ಗಂಟಲಲ್ಲಿ ನಡೆಯುವುದೂ ಅದೇ. ನಾಳದ ತ್ರಿಜ್ಯ ಅರ್ಧಕ್ಕಿಳಿದರೆ ಗಾಳಿಗೆ ಎದುರಾಗುವ ತಡೆ ಸುಮಾರು 16 ಪಟ್ಟು. ಅದನ್ನು ಮೀರಲು ನಾಯಿ ಹುಟ್ಟಿದಾಗಿನಿಂದ ಜೋರಾಗಿ ಎಳೆಯುತ್ತದೆ, ಎಳೆದಷ್ಟೂ ಹಿಂದಿನ ಮೆತ್ತನೆಯ ಭಾಗಗಳು ಊದಿ ಒಳಕ್ಕೆ ಸೆಳೆದುಕೊಳ್ಳುತ್ತವೆ. ಮೊದಲು ಧ್ವನಿಪೆಟ್ಟಿಗೆಯ ಪಕ್ಕದ ಪುಟ್ಟ ಚೀಲಗಳು ಹೊರಮಗುಚುತ್ತವೆ. ಅದು ಕುಸಿತದ ಮೊದಲ ಹಂತ. ಆಮೇಲೆ ಮೃದ್ವಸ್ಥಿಯೇ ಸೋತು ಒಳಕ್ಕೆ ಬಾಗುತ್ತದೆ, ಅದು ಎರಡು ಮತ್ತು ಮೂರನೇ ಹಂತ. ಹೊಳ್ಳೆ, ಅಂಗುಳವನ್ನು ನಾನು ಸರಿಮಾಡಬಲ್ಲೆ, ಸೋತ ಮೃದ್ವಸ್ಥಿಯನ್ನು ಎತ್ತಿ ನಿಲ್ಲಿಸಲಾರೆ. “ದೊಡ್ಡವನಾಗಲಿ, ಆಮೇಲೆ ನೋಡೋಣ” ಎನ್ನುವವರೊಂದಿಗೆ ನಾನು ವಾದಕ್ಕಿಳಿಯುವುದು ಇದೊಂದೇ ಕಾರಣಕ್ಕೆ. ಹೊಳ್ಳೆ ತೀರಾ ಮುಚ್ಚಿದ್ದರೆ ನಾಲ್ಕು ತಿಂಗಳಿಗೇ ಬಿಡಿಸಬಹುದು. ಅಂಗುಳವನ್ನು ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದೊಳಗೆ, ಸಂತಾನಹರಣದ ಅರಿವಳಿಕೆಯಲ್ಲೇ ಸೇರಿಸಿ ಮಾಡುತ್ತೇನೆ.

ಯಾವ ನಾಯಿಗೆ ಬೇಕು, ಯಾವುದಕ್ಕೆ ಬೇಡ ಎನ್ನುವುದನ್ನು ಮೇಜಿನ ಮೇಲೆ ನಿಲ್ಲಿಸಿ ಹೇಳಲಾಗದು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು ರೂಪಿಸಿದ 3 ನಿಮಿಷದ ಪರೀಕ್ಷೆಯನ್ನೇ ನಾನೂ ಬಳಸುತ್ತೇನೆ. ಮೊದಲು ಸ್ಟೆತಸ್ಕೋಪನ್ನು ಎದೆಗಲ್ಲ, ಗಂಟಲಿಗೆ, ಧ್ವನಿಪೆಟ್ಟಿಗೆಯ ಪಕ್ಕಕ್ಕೆ ಹಿಡಿದು ಕೇಳುವುದು. ಆಮೇಲೆ ಪಡಸಾಲೆಯಲ್ಲಿ ಗಂಟೆಗೆ 6ರಿಂದ 8 ಕಿ.ಮೀ. ವೇಗದಲ್ಲಿ 3 ನಿಮಿಷ ದುಡುದುಡು ಓಡಿಸಿ, ನಿಂತ ಕೂಡಲೇ ಮತ್ತೆ ಕೇಳುವುದು. ದಪ್ಪ ಗೊರಗೊರ ಸದ್ದು ಸಾಮಾನ್ಯವಾಗಿ ಅಂಗುಳದ್ದು. ಸಣ್ಣಗೆ ಸೀಟಿ ಹೊಡೆದಂತೆ ಕೇಳಿದರೆ ಧ್ವನಿಪೆಟ್ಟಿಗೆಯದು, ಅಂಥದ್ದರಲ್ಲಿ ಮಾಲೀಕರಿಗೆ ಮೊದಲೇ ಆಸೆ ಕಡಿಮೆ ಮಾಡಿಸುತ್ತೇನೆ. ದರ್ಜೆ 0ರಿಂದ 3. ಎರಡು, ಮೂರು ಬಂದರೆ ಆಪರೇಷನ್ ಮಾತು. ಒಂದಕ್ಕೆ ತೂಕ ಇಳಿಸಿ ವರ್ಷಕ್ಕೊಮ್ಮೆ ನೋಡುವುದು. ನಿಂತಲ್ಲೇ ಏದುಸಿರು ಬಿಡುವ ನಾಯಿಯನ್ನು ಓಡಿಸಕೂಡದು, ಅದರ ಉತ್ತರ ಆಗಲೇ ಸಿಕ್ಕಿದೆ. ಮಾರ್ಚ್‌ನಿಂದ ಮೇ ತಿಂಗಳಲ್ಲಿ ಪರೀಕ್ಷೆ ಬೆಳಗ್ಗೆ ಒಂಬತ್ತರೊಳಗೆ ಮುಗಿಯಬೇಕು. ನಮ್ಮೂರು ತಂಪು ಎನ್ನುವ ಮಾತನ್ನು ಈಗ ನಂಬುವಂತಿಲ್ಲ, 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಡಿಗ್ರಿ ಮುಟ್ಟಿದೆ.

ತೂಕದ ಬಗ್ಗೆ ಒಂದು ಮಾತು. ಪಗ್ ಇರಬೇಕಾದ್ದು 6ರಿಂದ 8 ಕೆ.ಜಿ. ಇಲ್ಲಿ ಬರುವುದು 12, 13 ಕೆ.ಜಿ. ಬೆಳಗಿನ ಕಾಫಿ ಜೊತೆ ಎರಡು ಬಿಸ್ಕತ್ತು, ಸಂಜೆ ಅಜ್ಜಿ ಕೈಯ ಚಪಾತಿ, ರಾತ್ರಿ ಮೊಸರನ್ನ. ಕೊಬ್ಬು ಗಂಟಲಿನ ಒಳಗೂ ಸೇರುತ್ತದೆ. ತುರ್ತು ಇಲ್ಲದಿದ್ದರೆ ಎರಡು ಮೂರು ತಿಂಗಳು ತೂಕ ಇಳಿಸಿಯೇ ಮೇಜಿಗೆ ತೆಗೆದುಕೊಳ್ಳುತ್ತೇನೆ. ಹಾಗೆ ಇಳಿಸಿದ ಕೆಲವು ನಾಯಿಗಳ ದರ್ಜೆಯೇ ಒಂದು ಮೆಟ್ಟಿಲು ಕೆಳಗೆ ಬರುವುದುಂಟು.

ರಕ್ತಪರೀಕ್ಷೆಯಲ್ಲಿ ಕಿಡ್ನಿ, ಲಿವರ್ ಎಲ್ಲ ಮಾಮೂಲು. ಇಲ್ಲಿ ಬಿಡಬಾರದ್ದು ರಕ್ತ ಹೆಪ್ಪುಗಟ್ಟಿಸುವ ಕಣ ಪ್ಲೇಟ್‌ಲೆಟ್. ಉಣ್ಣೆ ಹುಳು ಕಚ್ಚಿ ಬರುವ ಎರ್ಲಿಕಿಯಾ ಜ್ವರ ಮೇಲಕ್ಕೆ ಏನೂ ತೋರದೆ ಪ್ಲೇಟ್‌ಲೆಟ್ ಇಳಿಸಿ ಕೂತಿರುತ್ತದೆ, ಅಂಗುಳ ಕತ್ತರಿಸಿದ ಮೇಲೆ ಒಸರುವ ರಕ್ತ ನೇರ ಶ್ವಾಸನಾಳಕ್ಕೆ ಇಳಿಯುತ್ತದೆ. ಎಣಿಕೆ ಕಡಿಮೆ ಬಂದರೆ ಗಾಜಿನ ಮೇಲೆ ರಕ್ತ ಸವರಿದ ಸ್ಮಿಯರ್ ನೋಡಿ, ಜ್ವರ ಖಚಿತವಾದರೆ 28 ದಿನ ಡಾಕ್ಸಿಸೈಕ್ಲಿನ್ ಮುಗಿಸಿ, ಮತ್ತೆ ಎಣಿಸಿದ ಮೇಲೆಯೇ ದಿನಾಂಕ. ಎದೆಯ ಎಕ್ಸ್‌ರೇಯಲ್ಲಿ ನ್ಯುಮೋನಿಯಾ, ಹೊಟ್ಟೆಯ ಭಾಗ ಎದೆಯೊಳಕ್ಕೆ ಜಾರುವ ಹಯಾಟಲ್ ಹರ್ನಿಯಾ, ಮತ್ತು ಶ್ವಾಸನಾಳ ಹುಟ್ಟಾ ಸಣ್ಣದೇ ಎನ್ನುವುದನ್ನು ನೋಡಬೇಕು. ಇಂಗ್ಲಿಷ್ ಬುಲ್‌ಡಾಗ್‌ನಲ್ಲಿ ಈ ಸಣ್ಣ ನಾಳ ಹೆಚ್ಚು. ಊಟ ಮಾಡಿ ಅನ್ನ ಹಾಗೆಯೇ ಹೊರಬರುತ್ತದೆ, ಬಿಳಿ ನೊರೆ ಕಕ್ಕುತ್ತದೆ ಎಂದು ಮನೆಯವರು ಹೇಳಿದರೆ ಆಪರೇಷನ್‌ಗೆ ಒಂದೆರಡು ವಾರ ಮೊದಲೇ ಒಮೆಪ್ರಜೋಲ್ ಕೆ.ಜಿ.ಗೆ 1 ಮಿ.ಗ್ರಾಂ., ದಿನಕ್ಕೆರಡು ಸಲ. ಮೂಗು ಕಟ್ಟಿ ಎಳೆದ ಒತ್ತಡವೇ ಹೊಟ್ಟೆಯ ಆಮ್ಲವನ್ನೂ ಮೇಲಕ್ಕೆ ಎಳೆದಿರುತ್ತದೆ.

ಆ ದಿನ ಬೆಳಗ್ಗೆ ಎಂಟಕ್ಕೆ ಮೊದಲ ಕೇಸಾಗಿ ಇದನ್ನೇ ಇಟ್ಟುಕೊಳ್ಳುತ್ತೇನೆ. ಸಂಜೆಯವರೆಗೆ ಕಣ್ಣೆದುರು ಇರಬೇಕು ಎನ್ನುವುದೇ ಕಾರಣ. ಊಟ 6ರಿಂದ 8 ಗಂಟೆ ನಿಲ್ಲಿಸಿ, ನೀರು ಬೇಡ ಎನ್ನಬೇಡಿ. ವಾಂತಿ ತಡೆಯಲು ಮರೋಪಿಟೆಂಟ್ ಕೆ.ಜಿ.ಗೆ 1 ಮಿ.ಗ್ರಾಂ. ಚರ್ಮದಡಿಗೆ. ಮಂಪರಿಗೆ ಬ್ಯುಟಾರ್ಫನಾಲ್ ಕೆ.ಜಿ.ಗೆ 0.2 ಮಿ.ಗ್ರಾಂ. ಬಹುತೇಕ ಪಗ್‌ಗಳಿಗೆ ಸಾಕು. ತೀರಾ ಗಾಬರಿಬೀಳುವ ನಾಯಿಗೆ ಮಾತ್ರ ಡೆಕ್ಸ್‌ಮೆಡೆಟೊಮಿಡಿನ್ ಕೆ.ಜಿ.ಗೆ 1ರಿಂದ 2 ಮೈಕ್ರೊಗ್ರಾಂ. ಸೇರಿಸುತ್ತೇನೆ. ಮದ್ದು ಹಾಕಿದ ಕ್ಷಣದಿಂದ ಒಬ್ಬರು ನಾಯಿಯ ಪಕ್ಕ ಬಿಟ್ಟು ಏಳಬಾರದು, ಸ್ವಲ್ಪ ಮಂಪರು ಬಂದರೂ ಗಂಟಲು ಮುಚ್ಚಿಕೊಳ್ಳುತ್ತದೆ. ಕ್ಸೈಲಜಿನ್, ಕೆಟಮಿನ್ ಚುಚ್ಚಿ, ಶ್ವಾಸನಾಳಕ್ಕೆ ಇಳಿಸುವ ಉಸಿರಿನ ಟ್ಯೂಬ್ ಇಲ್ಲದೆಯೇ ಕೆಲಸ ಮುಗಿಸುವ ಹಳೆಯ ರೂಢಿ ಈ ನಾಯಿಗಳಲ್ಲಿ ಖಂಡಿತ ಸಲ್ಲದು. ಕ್ಸೈಲಜಿನ್ ವಾಂತಿ ತರಿಸುತ್ತದೆ, ಕಾಯಲು ಟ್ಯೂಬೂ ಇರುವುದಿಲ್ಲ.

ಮುಖದ ಹತ್ತಿರ ಆಮ್ಲಜನಕ ಹಿಡಿದು 5 ನಿಮಿಷ. ಮಾಸ್ಕ್ ಒಪ್ಪದಿದ್ದರೆ ಬರಿ ಪೈಪ್ ಸಾಕು, ಒತ್ತಾಯಿಸಿ ಕೊಸರಾಡಿಸಿದರೆ ಕೊಟ್ಟ ಆಮ್ಲಜನಕವೆಲ್ಲ ಖರ್ಚು. ಆ ಹೊತ್ತಿನಲ್ಲಿ ಕತ್ತಿನ ಕೆಳಭಾಗವನ್ನು ಬೋಳಿಸಿಡುತ್ತೇನೆ. ಕತ್ತು ಸೀಳಿ ಶ್ವಾಸನಾಳಕ್ಕೆ ನೇರ ದಾರಿ ಮಾಡುವ ಟ್ರೇಕಿಯಾಸ್ಟಮಿ ಬೇಕಾಗುವುದು ಅಪರೂಪ, ಬೇಕಾದಾಗ ಕೂದಲು ತೆಗೆಯಲು ಸಮಯ ಇರುವುದಿಲ್ಲ. ಮೇಜಿನ ಮೇಲೆ 4ರಿಂದ 6.5 ಮಿ.ಮೀ.ವರೆಗಿನ ಟ್ಯೂಬ್‌ಗಳನ್ನು ಸಾಲಾಗಿ ಇಡಬೇಕು. ಮುಖ ನೋಡಿ 7 ಹೋಗುತ್ತದೆ ಎನಿಸಿದ ನಾಯಿಗೆ 5 ಮಾತ್ರ ಹಿಡಿದದ್ದೂ ಉಂಟು. ಅರಿವಳಿಕೆಯ ಪ್ರೊಪೊಫಾಲ್ ನಿಧಾನಕ್ಕೆ, ಪರಿಣಾಮ ನೋಡಿಕೊಂಡು. ಟ್ಯೂಬ್ ಹಾಕುವ ಮೊದಲು ದೀಪವಿರುವ ಲ್ಯಾರಿಂಗೋಸ್ಕೋಪ್‌ನಲ್ಲಿ ಗಂಟಲನ್ನು ಸರಿಯಾಗಿ ನೋಡುವ ಅವಕಾಶ ಇದೊಂದೇ: ಅಂಗುಳ ಎಲ್ಲಿಗೆ ಬರುತ್ತದೆ, ಚೀಲಗಳು ಮಗುಚಿವೆಯೇ, ಉಸಿರೆಳೆದಾಗ ಬಾಗಿಲು ತೆರೆಯುತ್ತಿದೆಯೇ. ಟ್ಯೂಬ್ ಹೋದ ಮೇಲೆ ಎಲ್ಲದರ ಜಾಗವೂ ಕದಲುತ್ತದೆ. ಊತ ತಡೆಯಲು ಡೆಕ್ಸಾಮೆಥಾಸೋನ್ ಕೆ.ಜಿ.ಗೆ 0.1ರಿಂದ 0.2 ಮಿ.ಗ್ರಾಂ. ರಕ್ತನಾಳಕ್ಕೆ. ಅದನ್ನು ಕೊಟ್ಟ ಮೇಲೆ ನೋವಿನ ಮದ್ದು ಮೆಲಾಕ್ಸಿಕಾಂ ಕೊಡುವಂತಿಲ್ಲ, ಎರಡೂ ಸೇರಿದರೆ ಹೊಟ್ಟೆಯಲ್ಲಿ ಹುಣ್ಣು.

ನಾಯಿಯನ್ನು ಎದೆಯ ಮೇಲೆ ಮಲಗಿಸಿ, ಮೇಲಿನ ಕೋರೆಹಲ್ಲುಗಳ ಹಿಂದೆ ಬ್ಯಾಂಡೇಜ್ ಹಾಯಿಸಿ, ಎರಡು ಡ್ರಿಪ್ ಸ್ಟ್ಯಾಂಡ್ ನಡುವಿನ ಸರಳಿಗೆ ತೂಗುಹಾಕುತ್ತೇನೆ. ಕೆಳದವಡೆ ಟೇಪಿನಿಂದ ಕೆಳಕ್ಕೆ. ಟ್ಯೂಬ್ ಕಟ್ಟುವುದು ಕೆಳದವಡೆಗೇ, ಮೇಲಕ್ಕೆ ಕಟ್ಟಿದರೆ ಕೆಲಸದ ಜಾಗಕ್ಕೇ ಅಡ್ಡ. ಗಂಟಲಿನಲ್ಲಿ ಒದ್ದೆ ಗಾಜ್ ಬಟ್ಟೆ, ಅದಕ್ಕೊಂದು ಉದ್ದ ದಾರ, ದಾರದ ತುದಿ ಬಾಯಿಂದ ಹೊರಗೆ. ಎಷ್ಟು ಹಾಕಿದೆವು ಎನ್ನುವುದನ್ನು ಬೋರ್ಡಿನಲ್ಲಿ ಬರೆಯಬೇಕು. ಮರೆತು ಉಳಿದ ಒಂದು ತುಂಡು ಬಟ್ಟೆ, ಟ್ಯೂಬ್ ತೆಗೆದ ಮೇಲೆ ನಾಯಿಯನ್ನು ಕೊಲ್ಲಲು ಸಾಕು.

ಅಂಗುಳ ಎಲ್ಲಿಗೆ ಕತ್ತರಿಸಬೇಕು? ಅದರ ಅಂಚು ಧ್ವನಿಪೆಟ್ಟಿಗೆಯ ಮುಚ್ಚಳವಾದ ಎಪಿಗ್ಲಾಟಿಸ್‌ನ ತುದಿಯನ್ನು ಮುಟ್ಟಿದಂತಿರಬೇಕು, ಪಕ್ಕದಲ್ಲಿ ಟಾನ್ಸಿಲ್‌ನ ಹಿಂಭಾಗ ಇನ್ನೊಂದು ಗುರುತು. ನಾಲಿಗೆಯನ್ನು ಜಗ್ಗಿ ಹಿಡಿದು ಅಳೆದರೆ ಎಪಿಗ್ಲಾಟಿಸ್ ಮುಂದಕ್ಕೆ ಬಂದು ಅಳತೆ ಸುಳ್ಳಾಗುತ್ತದೆ, ಹೊಸಬರು ಎಡವುವುದು ಇಲ್ಲೇ. ನಾಲಿಗೆ ಬಿಟ್ಟು, ಅದರ ಸಹಜ ಜಾಗದಲ್ಲಿ ನೋಡಿ ಗುರುತು ಮಾಡಬೇಕು. ಎರಡೂ ಅಂಚಿಗೆ ಒಂದೊಂದು ಹಿಡಿಹೊಲಿಗೆ, ನಡುವಿನ ತುದಿಗೆ ಒಂದು. ಮೂರನ್ನೂ ಮೆಲ್ಲಗೆ ಎಳೆದು ಹಿಡಿದಾಗ ಅಂಗುಳ ಒದ್ದೆ ಚರ್ಮದ ಪರದೆಯಂತೆ ಬಿಗಿಯಾಗುತ್ತದೆ. ಮೆಟ್ಜನ್‌ಬಾಮ್ ಕತ್ತರಿಯಿಂದ ಒಂದು ಕಡೆಯಿಂದ ಮೂರರಲ್ಲೊಂದು ಪಾಲು ಕತ್ತರಿಸಿ, ಅಲ್ಲಿಯವರೆಗೆ ಹೊಲಿದು, ಮತ್ತೆ ಮುಂದಕ್ಕೆ. ಹೊಲಿಗೆಯೇ ರಕ್ತ ನಿಲ್ಲಿಸುತ್ತದೆ. ಮೂಗಿನ ಕಡೆಯ ಪೊರೆ, ಬಾಯಿ ಕಡೆಯ ಪೊರೆ ಎರಡೂ ಸೂಜಿಗೆ ಸಿಗಬೇಕು, ನಡುವಿನ ಮಾಂಸ ಬರಿದಾಗಿ ಕಾಣಬಾರದು. ಕರಗುವ 4-0 ಅಥವಾ 5-0 ದಾರ, 2 ಮಿ.ಮೀ.ಗೊಂದು ಹೊಲಿಗೆ, ಬಿಡಿಸದೆ ಸಾಗುವ ಸಾದಾ ಹೊಲಿಗೆ. ಸುಟ್ಟು ರಕ್ತ ನಿಲ್ಲಿಸುವ ಕಾಟರಿ ಕೈಗೆ ಬರುತ್ತದೆಂದು ಸುಟ್ಟು ಸುಟ್ಟು ಹೋದರೆ ರಾತ್ರಿ ಊತದಲ್ಲಿ ಅದರ ಬೆಲೆ ತೆರಬೇಕಾಗುತ್ತದೆ.

ಹೆಚ್ಚು ಕತ್ತರಿಸಿದರೆ ಕುಡಿದ ನೀರು ಮೂಗಿನಲ್ಲಿ ಬರುತ್ತದೆ, ಅದನ್ನು ಮತ್ತೆ ಬೆಳೆಸಲಾಗದು. ಕಡಿಮೆ ಕತ್ತರಿಸಿದರೆ ಗೊರಗೊರ ಉಳಿಯುತ್ತದೆ, ಇನ್ನೊಮ್ಮೆ ಮಾಡಬಹುದು. ಅನುಮಾನ ಬಂದಲ್ಲಿ ನಾನು 2 ಮಿ.ಮೀ. ಉಳಿಸುವ ಪಕ್ಷ. ತೀರಾ ದಪ್ಪ ಅಂಗುಳಕ್ಕೆ ಉದ್ದ ಕತ್ತರಿಸಿದರಷ್ಟೇ ಸಾಲದು. ಬಾಯಿ ಕಡೆಯ ಪೊರೆ, ಒಳಮಾಂಸ ತೆಗೆದು ಅಂಚನ್ನು ಮುಂದಕ್ಕೆ ಮಡಚಿ ಹೊಲಿಯುವ ಪದ್ಧತಿ ಅಲ್ಲಿ ಹೊಂದುತ್ತದೆ.

ಮಗುಚಿದ ಚೀಲಗಳ ವಿಷಯದಲ್ಲಿ ಶಸ್ತ್ರವೈದ್ಯರಲ್ಲೇ ಒಮ್ಮತ ಇಲ್ಲ. ದಾರಿಗೆ ನಿಜಕ್ಕೂ ಅಡ್ಡವಾಗಿದ್ದರೆ ಬುಡದಲ್ಲಿ ಹಿಡಿದು ಕತ್ತರಿಸುತ್ತೇನೆ, ಇಲ್ಲವಾದರೆ ಮುಟ್ಟುವುದಿಲ್ಲ. ಕತ್ತರಿಸಿದ ಎರಡು ಗಾಯಗಳು ಎದುರುಬದುರು ಅಂಟಿ ಜಾಲ ಕಟ್ಟುವ ಅಪಾಯವಿದೆ.

ಹೊಳ್ಳೆ ಸುಲಭ ಎನಿಸುತ್ತದೆ, ಮೋಸ ಹೋಗುವುದೂ ಅಲ್ಲೇ. 11ನೇ ನಂಬರ್ ಬ್ಲೇಡಿನಿಂದ ಹೊಳ್ಳೆಯ ರೆಕ್ಕೆಯಲ್ಲಿ, ತುದಿ ಮೇಲಕ್ಕಿರುವ ಒಂದು ತ್ರಿಕೋನ ತೆಗೆಯಬೇಕು. ರಕ್ತ ಧಾರಾಕಾರ ಬರುತ್ತದೆ, ಗಾಬರಿಯಾಗದೆ ಒತ್ತಿ ಹಿಡಿದು ಹೊಲಿದರೆ ನಿಲ್ಲುತ್ತದೆ. ಪ್ರತಿ ಕಡೆ 3 ಬಿಡಿಹೊಲಿಗೆ ಸಾಕು, ಮೊದಲನೆಯದು ಕೆಳ ಅಂಚಿಗೆ. ಅದು ಸರಿಯಾಗಿ ಕೂತರೆ ಎರಡು ಕಡೆಯೂ ಸಮ. ತ್ರಿಕೋನ ಚರ್ಮದಷ್ಟೇ ಆಳವಾಗಿದ್ದರೆ ಹೊರಗಿನಿಂದ ಫೋಟೊಗೆ ಚೆಂದ, ಒಳಗಿನ ಮಡಿಕೆ ಹಾಗೆಯೇ ಮುಚ್ಚಿರುತ್ತದೆ. ಒಳಮಡಿಕೆಯೂ ತ್ರಿಕೋನದ ಜೊತೆ ಬರುವಷ್ಟು ಆಳ ಹೋಗಬೇಕು. ಹೊಲಿದ ಜಾಗ ಕೆಲ ತಿಂಗಳು ಗುಲಾಬಿಯಾಗಿ ಕಾಣುತ್ತದೆ, ಆಮೇಲೆ ಸಾಮಾನ್ಯವಾಗಿ ಕಪ್ಪು ಮರಳುತ್ತದೆ.

ಇಲ್ಲಿಯವರೆಗಿನದ್ದು ಮುಕ್ಕಾಲು ಗಂಟೆಯ ಕೆಲಸ. ಇನ್ನು ಮುಂದಿನದ್ದಕ್ಕೆ ಗಡಿಯಾರ ನೋಡಬಾರದು. ಗಂಟಲು ಸಕ್ಷನ್ ಮಾಡಿ, ಬಟ್ಟೆ ಎಣಿಸಿ ತೆಗೆದು, ಎದೆಯ ಮೇಲೆ ಮಲಗಿಸಿ, ಗದ್ದದ ಕೆಳಗೆ ಮಡಚಿದ ಟವೆಲ್, ನಾಲಿಗೆ ಹೊರಗೆ. ಬೇರೆ ನಾಯಿಯಾದರೆ ಒಮ್ಮೆ ನುಂಗಿದ ಕೂಡಲೇ ಟ್ಯೂಬ್ ತೆಗೆಯುತ್ತೇವೆ. ಪಗ್‌ನಲ್ಲಿ ಹಾಗಲ್ಲ, ತಾನೇ ತಲೆ ಎತ್ತಿ, ಟ್ಯೂಬ್ ಜಗಿದು, “ಇದನ್ನು ತೆಗೀರಿ” ಎನ್ನುವಂತೆ ನೋಡುವವರೆಗೆ ಕಾಯಬೇಕು. ಎಷ್ಟೋ ನಾಯಿಗಳು ಟ್ಯೂಬ್ ಇಟ್ಟುಕೊಂಡೇ ಸುತ್ತ ನೋಡುತ್ತಾ ಕೂತಿರುತ್ತವೆ. ಹುಟ್ಟಿದಾಗಿನಿಂದ ಅವಕ್ಕೆ ಸಿಕ್ಕ ಮೊದಲ ಸಲೀಸು ಉಸಿರು ಅದು, ಬೇಡ ಎನ್ನುವುದಾದರೂ ಏಕೆ. ತೆಗೆಯುವಾಗ ಕೈಗೆಟುಕುವಲ್ಲಿ ಒಂದು ಅಳತೆ ಚಿಕ್ಕ ಟ್ಯೂಬ್, ಉರಿಯುತ್ತಿರುವ ಲ್ಯಾರಿಂಗೋಸ್ಕೋಪ್, ಸಿರಿಂಜಿನಲ್ಲಿ ಪ್ರೊಪೊಫಾಲ್, ಟ್ರೇಕಿಯಾಸ್ಟಮಿ ಸೆಟ್. ಸದ್ದು ಜೋರಾದರೆ ಅಡ್ರಿನಲಿನ್ ನೆಬ್ಯುಲೈಸ್ ಮಾಡಿ ಮಂಜಿನಂತೆ ಉಸಿರಿಗೆ ಕೊಡುತ್ತೇನೆ: ಕೆ.ಜಿ.ಗೆ 0.05 ಮಿ.ಗ್ರಾಂ., ಅಂದರೆ 8 ಕೆ.ಜಿ. ಪಗ್‌ಗೆ 1:1000 ಆಂಪ್ಯೂಲಿನಿಂದ 0.4 ಮಿ.ಲೀ., ಸಲೈನ್ ಸೇರಿಸಿ ಒಟ್ಟು 5 ಮಿ.ಲೀ. ನಾಲಿಗೆ ನೀಲಿಗೆ ತಿರುಗುವುದನ್ನು ಕಾಯದೆ ಮತ್ತೆ ಮಲಗಿಸಿ ಟ್ಯೂಬ್ ಹಾಕಿಬಿಡುವುದೇ ಲೇಸು.

ಆ ರಾತ್ರಿ ನಾಯಿ ಆಸ್ಪತ್ರೆಯಲ್ಲೇ, ಎಚ್ಚರವಿರುವ ಒಬ್ಬರ ಕಣ್ಣೆದುರು. ಎ.ಸಿ. 22ಕ್ಕೆ. ಆಮ್ಲಜನಕದ ಕಾನ್ಸಂಟ್ರೇಟರ್ ಯಂತ್ರ ಒಂದನ್ನೇ ನೆಚ್ಚಬೇಡಿ, ಕರೆಂಟ್ ಹೋದರೆ ಅದೂ ಹೋಯಿತು. ತುಂಬಿದ ಸಿಲಿಂಡರ್ ಪಕ್ಕದಲ್ಲಿರಲಿ. ಸಂಜೆ ಹೋಗಿ ಮುಖ ನೋಡಿ ಬರುತ್ತೇವೆ ಎನ್ನುವ ಮನೆಯವರನ್ನು ನಾನು ಬಿಡುವುದಿಲ್ಲ. ಬೈದುಕೊಳ್ಳುತ್ತಾರೆ. ಅವರ ದನಿ ಕೇಳಿ ನಾಯಿ ಕುಣಿದು ಬೊಗಳಿದರೆ ಗಂಟಲು ಮತ್ತೆ ಊದುತ್ತದೆ.

ಮನೆಗೆ ಹೋದ ಮೇಲೆ ಎರಡು ಮೂರು ವಾರ ಬೇಯಿಸಿದ ಕೋಳಿ ಮಾಂಸ, ಅನ್ನ ನುರಿದು ಗೋಲಿಗಿಂತ ಸ್ವಲ್ಪ ದೊಡ್ಡ ಉಂಡೆ ಕಟ್ಟಿ, ಒಂದೊಂದಾಗಿ ಕೊಡಬೇಕು. ಗಂಜಿ ಶ್ವಾಸನಾಳಕ್ಕೆ ಜಾರುತ್ತದೆ, ಒಣ ಕಾಳು ಹೊಲಿಗೆ ಕೆರೆಯುತ್ತದೆ, ರಾಗಿ ಮುದ್ದೆ ಅಂಗುಳಕ್ಕೆ ಅಂಟುತ್ತದೆ. ಕತ್ತಿಗೆ ಬೆಲ್ಟ್ ಮುಂದೆಂದಿಗೂ ಬೇಡ, ಎದೆಗೆ ಹಾಕುವ ಹಾರ್ನೆಸ್ ಇರಲಿ. ದೀಪಾವಳಿಯ ಹಿಂದುಮುಂದಿನ ಎರಡು ವಾರ ನಾನು ಈ ಆಪರೇಷನ್ ಇಟ್ಟುಕೊಳ್ಳುವುದಿಲ್ಲ, ಪಟಾಕಿಗೆ ಹೆದರಿ ರಾತ್ರಿಯಿಡೀ ಏದುಸಿರು ಬಿಡುವ ನಾಯಿಯ ಹೊಲಿಗೆ ಉಳಿಯುವುದು ಕಷ್ಟ. ಆಪರೇಷನ್ ಆದ ನಾಯಿಯೂ ಬಿಸಿಲಿಗೆ ಗಟ್ಟಿಯಾಗಿಬಿಡುವುದಿಲ್ಲ. ಸಿಗ್ನಲ್‌ನಲ್ಲಿ ನಿಂತ ಕಾರಿನಲ್ಲಿ ಕಾದು ಏದುಸಿರು ಹತ್ತಿದರೆ ಮೊದಲು ನಲ್ಲಿ ನೀರು ಸುರಿದು ಗಾಳಿ ಬೀಸಿ, ಆಮೇಲೆ ಆಸ್ಪತ್ರೆಗೆ ಹೊರಡಿ. ಮೈಶಾಖ 39.5ಕ್ಕೆ ಇಳಿದಾಗ ನೀರು ನಿಲ್ಲಿಸಿ.

ಆರು ವಾರಕ್ಕೆ ಮತ್ತೆ ಕರೆಸುತ್ತೇನೆ. ಅದೇ ಪಡಸಾಲೆ, ಅದೇ 3 ನಿಮಿಷ, ಗಂಟಲಿಗೆ ಅದೇ ಸ್ಟೆತಸ್ಕೋಪ್. ಮೊದಲ ದಿನದ ಚೀಟಿಯಲ್ಲಿ 3 ಎಂದು ಬರೆದಲ್ಲಿ ಈಗ 1 ಬಂದರೆ ನನಗದು ಒಳ್ಳೆಯ ಫಲ. 0 ಬರುವುದು ಕಡಿಮೆ, ಗೊರಕೆ ಸ್ವಲ್ಪ ಉಳಿಯುತ್ತದೆ ಎಂದು ಮೊದಲೇ ಹೇಳಿರುತ್ತೇನೆ. 2ರಲ್ಲೇ ನಿಂತಿದ್ದರೆ ಮೊದಲು ತೂಕದ ಯಂತ್ರ, ಆಮೇಲೆ ಮತ್ತೊಮ್ಮೆ ಲ್ಯಾರಿಂಗೋಸ್ಕೋಪ್.