ಕ್ರಿಪ್ಟೊ ಕಾಪಾಡಬೇಕೇ? ಮೊದಲು ವಾಲೆಟ್‌ನ ಪದಗಳನ್ನು ಕಾಪಾಡಿ

2024ರ ಜುಲೈನಲ್ಲಿ ವಜೀರ್‌ಎಕ್ಸ್ ಎಂಬ ಎಕ್ಸ್‌ಚೇಂಜ್‌ನಿಂದ, ಅಂದರೆ ಬಿಟ್‌ಕಾಯಿನ್‌ನಂಥ ಡಿಜಿಟಲ್ ಹಣವನ್ನು ಕೊಡುಕೊಳ್ಳುವ ತಾಣದಿಂದ, ಸುಮಾರು 23 ಕೋಟಿ ಡಾಲರ್ ಬೆಲೆಯ ಕ್ರಿಪ್ಟೊ ಕಳುವಾಯಿತು. ಗ್ರಾಹಕರದ್ದು ಏನೂ ತಪ್ಪಿರಲಿಲ್ಲ. ಆದರೂ ತಮ್ಮ ಹಣಕ್ಕೆ ಅವರು ವರ್ಷಕ್ಕಿಂತ ಜಾಸ್ತಿ ಕಾಯಬೇಕಾಯಿತು. ಎಕ್ಸ್‌ಚೇಂಜ್‌ನಲ್ಲಿ ಇಟ್ಟದ್ದರ ಕೀಲಿ, ಅಂದರೆ ಹಣ ಕಳಿಸಲು ಬೇಕಾದ ಗುಟ್ಟಿನ ಕೋಡ್, ನಮ್ಮ ಹತ್ತಿರ ಇರುವುದಿಲ್ಲ ನೋಡಿ.

ಹಾಗಾಗಿ ಕೊಡುಕೊಳ್ಳಲು ಬೇಕಾದಷ್ಟನ್ನು ಮಾತ್ರ ಅಲ್ಲಿ ಬಿಡಿ. ಉಳಿದದ್ದನ್ನು ಸ್ವಂತ ವಾಲೆಟ್‌ಗೆ, ಅಂದರೆ ಕೀಲಿ ನಿಮ್ಮ ಹತ್ತಿರವೇ ಇರುವ ಆ್ಯಪ್ ಅಥವಾ ಸಾಧನಕ್ಕೆ, ತನ್ನಿ. ಸಣ್ಣ ಮೊತ್ತಕ್ಕೆ ಮೊಬೈಲ್ ವಾಲೆಟ್ ಸಾಕು. ಒಂದೆರಡು ತಿಂಗಳ ಸಂಬಳ ದಾಟಿದರೆ ಲೆಜರ್, ಟ್ರೆಜರ್‌ನಂಥ ಹಾರ್ಡ್‌ವೇರ್ ವಾಲೆಟ್ (ಕೀಲಿಯನ್ನು ತನ್ನೊಳಗೇ ಇಟ್ಟುಕೊಳ್ಳುವ ಸಣ್ಣ ಸಾಧನ) ಕೊಳ್ಳುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಕಂಪನಿಯ ಜಾಲತಾಣದಿಂದಲೇ ತರಿಸಿ, ಸೆಕೆಂಡ್ ಹ್ಯಾಂಡ್ ಬೇಡವೇ ಬೇಡ. ಪೆಟ್ಟಿಗೆಯೊಳಗೆ ವಾಲೆಟ್ ತೆರೆಯುವ ಪದಗಳನ್ನು (ಅವು ಏನೆಂದು ಮುಂದೆ ಇದೆ) ಮೊದಲೇ ಬರೆದಿಟ್ಟ ಚೀಟಿ ಸಿಕ್ಕರೆ ಅದು ಮೋಸ. ಬಳಸಬೇಡಿ.

ವಾಲೆಟ್ ಶುರು ಮಾಡಿದಾಗ ಅದು 12 ಅಥವಾ 24 ಇಂಗ್ಲಿಷ್ ಪದ ತೋರಿಸುತ್ತದೆ. ಇದೇ ಸೀಡ್ ಫ್ರೇಸ್. ಫೋನ್ ಕಳೆದರೂ ಈ ಪದಗಳಿದ್ದರೆ ಹಣ ವಾಪಸ್ ಸಿಗುತ್ತದೆ. ಪದಗಳು ಬೇರೆಯವರ ಕೈಗೆ ಸಿಕ್ಕರೆ ಹಣವೂ ಅವರದ್ದೇ. ಸ್ಕ್ರೀನ್‌ಶಾಟ್ ತೆಗೆಯಬೇಡಿ, ನಿಮಗೇ ನೀವು ವಾಟ್ಸ್‌ಆ್ಯಪ್ ಮಾಡಿಕೊಳ್ಳಬೇಡಿ, ಝೆರಾಕ್ಸ್ ಅಂಗಡಿಗಂತೂ ಒಯ್ಯಲೇಬೇಡಿ. ಕೈಯಿಂದ ಎರಡು ಪ್ರತಿ ಬರೆಯಿರಿ. ಒಂದು ಮನೆಯ ತಿಜೋರಿಯಲ್ಲಿರಲಿ, ಇನ್ನೊಂದು ಬ್ಯಾಂಕ್ ಲಾಕರ್‌ನಲ್ಲಿ.

ಕಾಗದ ನೆನೆಯುತ್ತದೆ, ಸುಡುತ್ತದೆ. ಸ್ಟೀಲ್ ಪಟ್ಟಿ ಇನ್ನೂ ಗಟ್ಟಿ. ಪಾತ್ರೆ ಅಂಗಡಿಯಲ್ಲಿ ಹೆಸರು ಹಾಕಿಕೊಡುತ್ತಾರಲ್ಲ, ಅವರ ಕೈಗೆ ಪದ ಕೊಡಬೇಡಿ. ಅಕ್ಷರದ ಪಂಚ್ ಸೆಟ್ ತಂದು ನೀವೇ ಹೊಡೆಯಿರಿ. ಹುಬ್ಬಳ್ಳಿಯ ಗೋಕುಲ ರಸ್ತೆಯ ವರ್ಕ್‌ಶಾಪ್‌ಗಳಲ್ಲಿ ದುಡಿಯುವವರಿಗೆ ಅದು ಗೊತ್ತಿರುವ ಸಾಮಾನೇ. ಪೂರ್ತಿ ಪದ ಹೊಡೆಯಬೇಕಿಲ್ಲ. ಬಹಳಷ್ಟು ವಾಲೆಟ್‌ಗಳು ಬಳಸುವ 2048 ಪದಗಳ ಪಟ್ಟಿಯಲ್ಲಿ ಮೊದಲ ನಾಲ್ಕು ಅಕ್ಷರದಿಂದಲೇ ಪದ ಯಾವುದೆಂದು ತಿಳಿಯುತ್ತದೆ. ಪದಗಳ ಕ್ರಮ ಮಾತ್ರ ತಪ್ಪಬಾರದು.

ದೊಡ್ಡ ಮೊತ್ತ ಹಾಕುವ ಮೊದಲು ಪರೀಕ್ಷೆ ಮಾಡಿ. ಸ್ವಲ್ಪ ಕಳಿಸಿ, ವಾಲೆಟ್ ಅಳಿಸಿ, ಬರೆದಿಟ್ಟ ಪದಗಳಿಂದ ಮತ್ತೆ ತೆರೆಯಿರಿ. ಹಣ ಕಂಡರೆ ಬರೆದದ್ದು ಸರಿ ಇದೆ. ಈ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ.

ಕ್ರಿಪ್ಟೊ ಕಳಿಸುವಾಗ ಪಡೆಯುವ ವಾಲೆಟ್‌ನ ವಿಳಾಸವನ್ನು ಹಳೆಯ ವ್ಯವಹಾರಗಳ ಪಟ್ಟಿಯಿಂದ ಕಾಪಿ ಮಾಡಬೇಡಿ. ಮೊದಲ ಮತ್ತು ಕೊನೆಯ ಕೆಲವು ಅಕ್ಷರ ಒಂದೇ ಇರುವ ನಕಲಿ ವಿಳಾಸವನ್ನು ವಂಚಕರು ಅಲ್ಲಿ ಸೇರಿಸಿರುತ್ತಾರೆ. ಪೂರ್ತಿ ವಿಳಾಸವನ್ನು ವಾಲೆಟ್‌ನ ಪರದೆಯಲ್ಲೇ ಓದಿ. ನೆಟ್‌ವರ್ಕ್, ಅಂದರೆ ಕ್ರಿಪ್ಟೊ ಯಾವ ಬ್ಲಾಕ್‌ಚೈನ್ ಜಾಲದಲ್ಲಿ ಹೋಗುತ್ತದೆ ಎಂಬ ಆಯ್ಕೆ, ಸರಿಯಿದೆಯೇ ನೋಡಿ. ಒಮ್ಮೆ ಹೋದದ್ದನ್ನು ಯಾವ ಬ್ಯಾಂಕೂ ವಾಪಸ್ ತರಲಾರದು.

ಎಕ್ಸ್‌ಚೇಂಜ್ ಖಾತೆಗೆ ಎಸ್ಎಂಎಸ್ ಒಟಿಪಿ ಬದಲು ಫೋನಿನಲ್ಲೇ ಕೋಡ್ ತೋರಿಸುವ ಅಥೆಂಟಿಕೇಟರ್ ಆ್ಯಪ್ ಹಾಕಿ. ನಿಮ್ಮ ನಂಬರಿಗೆ ಇನ್ನೊಂದು ಸಿಮ್ ಮಾಡಿಸಿಕೊಂಡು ಒಟಿಪಿ ಪಡೆಯುವ ವಂಚನೆ ಇದೆ.

ಟೆಲಿಗ್ರಾಂನಲ್ಲಿ ‘ಸಪೋರ್ಟ್’ ಎಂದು ಬಂದು ಪದ ಕೇಳಿದರೆ ಕೂಡಲೇ ಬ್ಲಾಕ್ ಮಾಡಿ. ಯಾವ ವಾಲೆಟ್ ಕಂಪನಿಗೂ ಅದು ಬೇಕಿಲ್ಲ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ವ್ಯವಹಾರದ ಐಡಿ ಕೊಡಿ.

ಸ್ವಂತ ವಾಲೆಟ್‌ಗೆ ಬ್ಯಾಂಕಿನ ಹಾಗೆ ನಾಮಿನಿ ಇರುವುದಿಲ್ಲ. ಯಾವ ವಾಲೆಟ್, ಪದಗಳು ಎಲ್ಲಿವೆ ಎಂದು ಒಂದು ಚೀಟಿ ಬರೆದು ಮನೆಯಲ್ಲಿ ನಂಬಿಕೆಯ ಒಬ್ಬರಿಗೆ ಕೊಡಿ. ಪದಗಳು ಮಾತ್ರ ಆ ಚೀಟಿಯಲ್ಲಿ ಬೇಡ.