ಬರ್ತೂಡ್ ಪಾಸಲ್ಲಿ ಹಿಮ ಅಗೆದು ನೋಡಿ ವಾಪಸ್ ಬಂದಿದ್ದು

ನಾನು ಹಾಸನದ ಕಡೆಯೋನು, ಡೆನ್ವರಿಗೆ ಬರೋವರೆಗೂ ಫ್ರಿಜ್ಜಲ್ಲಿ ಕಟ್ಟಿರೋದು ಬಿಟ್ರೆ ಹಿಮ ನೋಡಿರ್ಲಿಲ್ಲ. ಈಗ ಮೂರು ಸೀಸನ್ನಿಂದ ರೆಸಾರ್ಟ್ ಬಿಟ್ಟು ಹೊರಗಿನ ಬೆಟ್ಟಗಳಲ್ಲಿ ಸ್ಕೀ ಮಾಡ್ತಿದೀನಿ.

ಜನವರಿಲಿ ಒಂದು ಶನಿವಾರ ನಾನೂ ಒಬ್ಬ ಫ್ರೆಂಡೂ ಬರ್ತೂಡ್ ಪಾಸ್ ಅನ್ನೋ ಬೆಟ್ಟದ ಘಾಟಿಗೆ ಹೋದ್ವಿ, 11,300 ಅಡಿ ಎತ್ತರ, ಹಿಂದಿನ ಎರಡು ದಿನ ಹಿಮ ಬಿದ್ದು ಗಾಳಿನೂ ಜೋರಾಗಿ ಬೀಸಿತ್ತು. ಅವಲಾಂಚ್, ಅಂದ್ರೆ ಹಿಮಕುಸಿತದ ಅಪಾಯ ಎಷ್ಟು ಅಂತ ಹೇಳೋ ಕೊಲರಾಡೊ ಅವಲಾಂಚ್ ಸೆಂಟರ್ ಅವತ್ತು ಕೊಟ್ಟಿದ್ದು 5ಕ್ಕೆ 3. ಪರೀಕ್ಷೆ ಮಾರ್ಕ್ಸ್ ಥರ ನೋಡಿ 'ಮೀಡಿಯಂ ಅಲ್ವಾ' ಅನ್ಕೊಳ್ತಾರೆ ಜನ, ಆದ್ರೆ ಅಪಾಯದ ಇಳಿಜಾರಲ್ಲಿ ನಾವು ಕಾಲಿಟ್ರೆ ಕುಸಿಯೋ ಸಾಧ್ಯತೆ ಜಾಸ್ತಿನೇ ಅಂತ ಅದರ ಅರ್ಥ.

ನಮಗೆ ಇಳೀಬೇಕಾಗಿದ್ದು ಈಶಾನ್ಯ ಮುಖ, ಫೋನಲ್ಲಿ ಅಳೆದ್ರೆ 35 ಡಿಗ್ರಿ. 30ರಿಂದ 45ರ ಮಧ್ಯೆನೇ ಹೆಚ್ಚು ಕುಸಿಯೋದು. ಅದೇ ಮುಖದ ಒಂದು ಸಣ್ಣ ದಿಬ್ಬದಲ್ಲಿ ನೆಲ ಸಿಗೋವರೆಗೂ ಅಗೆದೆ. ಮೇಲೆ 40 ಸೆಂಟಿಮೀಟರ್ ಗಾಳಿಗೆ ಬಿಗಿದ ಹಿಮ, ಕೆಳಗೆ ಬರೀ ರವೆ, ನಿಜ ಹೇಳ್ಬೇಕಂದ್ರೆ ಬನ್ಸಿ ರವೆ, ಮುಷ್ಟಿಲಿ ಹಿಡಿದ್ರೆ ಉಂಡೆ ಕಟ್ಟಲ್ಲ, ಬೆರಳ ಸಂದಿಲಿ ಸುರಿದುಹೋಗತ್ತೆ. ಅಕ್ಟೋಬರಲ್ಲಿ ಬಿದ್ದ ತೆಳು ಹಿಮದ ಕೆಳಗೆ ನೆಲ ಬೆಚ್ಚಗೆ, ಮೇಲೆ ಗಾಳಿ ಕೊರೆಯೋ ಚಳಿ, ಆವಿ ಕೆಳಗಿಂದ ಮೇಲಕ್ಕೆ ಹೋಗ್ತಾ ಹೋಗ್ತಾ ಹರಳು ದಪ್ಪ ಆಗಿ ಒಂದಕ್ಕೊಂದು ಅಂಟೋದು ಬಿಟ್ಬಿಡತ್ತೆ. ರವೆ ಮೇಲೆ ಕಡಪ ಕಲ್ಲು ಇಟ್ಟಂಗೆ.

ಆ ಪದರ ಎಷ್ಟು ಸುಲಭವಾಗಿ ಜಾರತ್ತೆ ಅಂತ ನೋಡೋಕೆ 90 ಸೆಂಟಿಮೀಟರ್ ಅಗಲ, 30 ಆಳದ ಹಿಮದ ಕಂಬ ಕಡಿದು ಒಂದು ತುದಿಲಿ ಸಲಿಕೆ ಇಟ್ಟು ತಟ್ಟಿದೆ, ಮಣಿಕಟ್ಟಿಂದ 10, ಆಮೇಲೆ ಮೊಣಕೈಯಿಂದ. 12ನೇ ಏಟಿಗೆ ಆ ತುದಿವರೆಗೂ ಒಂದೇ ಸಲ ಬಿರುಕು, ಇಡೀ ತುಂಡು ಡ್ರಾಯರ್ ಥರ ಈಚೆ ಬಂತು. ಇಳಿಜಾರೂ ಹೀಗೇ ಕುಸಿಯಬಹುದು, ಇಲ್ಲಿ ಇಳಿಯೋದು ಬೇಡ ಅಂದೆ.

"ಎರಡು ಗಂಟೆ ಟ್ರಾಫಿಕ್ಕಲ್ಲಿ ಬಂದಿದೀವಿ ಕಣೋ, ಪಕ್ಕದಲ್ಲಿ ಆಗ್ಲೇ ಮೂರು ಸ್ಕೀ ಟ್ರ್ಯಾಕ್ ಇದೆ ನೋಡು" ಅಂದ ಫ್ರೆಂಡು. ಮೂರು ಜನ ಹೋಗಿದ್ರೆ ನಾಲ್ಕನೆಯವನಿಗೆ ಕುಸಿಯಲ್ಲ ಅಂತ ಏನಿಲ್ವಲ್ಲ. ವಾದ ಮಾಡ್ತಾ ಸಮತಟ್ಟಲ್ಲಿ ವಾಪಸ್ ಬರ್ತಿದ್ವಿ, ಕಾಲಡಿ ಧಬ್ ಅಂತು, ಅಟ್ಟದ ಮೇಲೆ ಅಕ್ಕಿ ಮೂಟೆ ಎಸೆದಂಗೆ, ನೆಲ ಒಂದು ಬೆರಳು ಕುಸಿದಿದ್ದು ಕಾಲಿಗೆ ಗೊತ್ತಾಯ್ತು. ಕೆಳಗಿನ ರವೆ ಪದರ ಕುಸಿಯೋ ಸದ್ದು ಅದು, ಇಲ್ಲಿಯವರು ವಮ್ಫ್ ಅಂತಾರೆ. ಆಮೇಲೆ ಅವನು ಟ್ರ್ಯಾಕ್ ಮಾತೆತ್ತಲಿಲ್ಲ.

ಆಮೇಲೆ ನೋಡಿದ್ರೆ ನಾನು ಬೀಕನ್ (ಹಿಮದಡಿ ಸಿಕ್ಕಿಕೊಂಡ್ರೆ ಹುಡುಕೋಕೆ ಸಿಗ್ನಲ್ ಕಳಿಸೋ ಯಂತ್ರ) ಪಕ್ಕದಲ್ಲೇ ಫೋನ್ ಇಟ್ಕೊಂಡಿದ್ದೆ, ಸಿಗ್ನಲ್ ಕೆಡತ್ತೆ, 20 ಸೆಂಟಿಮೀಟರಾದ್ರೂ ದೂರ ಇರ್ಬೇಕು ಅಂತ ಕೋರ್ಸಲ್ಲೇ ಹೇಳಿದ್ರು, ದಡ್ಡತನ. 25 ಡಿಗ್ರಿ ದಾಟದ, ಮೇಲೆ ಕಡಿದಾದ ಇಳಿಜಾರಿಲ್ಲದ ಮರಗಳ ಮಧ್ಯೆ ಇಳಿದ್ವಿ. ಆ ರವೆ ಬೇಗ ವಾಸಿ ಆಗಲ್ಲ, ಮಾರ್ಚ್ ಮುಗಿಯೋವರೆಗೂ ಆ ಈಶಾನ್ಯ ಮುಖದ ತಂಟೆಗೆ ಹೋಗ್ಲಿಲ್ಲ.